ಸಪೋಟ ಹುಡುಕ್ತಾ ಸಿಕ್ಕಿದ ನಾವತ್ಲ್ ಡಿಕ್ಷನರಿ

ಸಪೋಟ ಸುಲೀತಾ ಇದ್ದಾಗ ಮಗಳು ಇದು ಕನ್ನಡ ಪದಾನಾ ಅಮ್ಮ ಅಂತ ಕೇಳಿದ್ಲು, ಗೊತ್ತಿರ್ಲಿಲ್ಲ, ಹುಡುಕ್ತಾ ಹೋಗಿ ಸಿಕ್ಕಿದ್ದು ಅಮೆರಿಕದ ಒರೆಗಾನ್ ಯೂನಿವರ್ಸಿಟಿಯವರ ಆನ್‌ಲೈನ್ ನಾವತ್ಲ್ ಡಿಕ್ಷನರಿ. ಎರಡು ತಿಂಗಳಿಂದ ಬಳಸ್ತಿದೀವಿ, ದುಡ್ಡೇನೂ ಕೊಡ್ಬೇಕಿಲ್ಲ.

ನಾವತ್ಲ್ ಅಂದ್ರೆ ಹಿಂದೆ ಮೆಕ್ಸಿಕೋದಲ್ಲಿ ಆಳಿದ ಆಜ್ಟೆಕ್ ಜನರ ಭಾಷೆ, ಹಾಗಂತ ಸತ್ತುಹೋದ ಭಾಷೆ ಅಂದ್ಕೋಬೇಡಿ, ಮೆಕ್ಸಿಕೋದಲ್ಲಿ 2020ರ ಜನಗಣತಿ ಪ್ರಕಾರ 16 ಲಕ್ಷಕ್ಕೂ ಜಾಸ್ತಿ ಜನ ಮಾತಾಡ್ತಾರೆ. ಅಮೆರಿಕದ ಮೂಲನಿವಾಸಿಗಳ ಹೋಪಿ ಭಾಷೆನೂ ಇದೇ ಯೂಟೊ-ಆಜ್ಟೆಕನ್ ಅನ್ನೋ ಭಾಷಾ ಕುಟುಂಬದ್ದು. ನಮ್ಮ ಸಪೋಟದ ಮೂಲ ಇವರ ತ್ಸಪೊತ್ಲ್. ಸ್ಪ್ಯಾನಿಶ್‌ನಲ್ಲಿ ಈ ಹಣ್ಣಿಗೆ ಚಿಕೊಸಪೋತೆ ಅಂತಾರೆ, ನೋಡಿ, ನಾವು ಒಬ್ರು ಚಿಕ್ಕು ಅಂತೀವಿ ಇನ್ನೊಬ್ರು ಸಪೋಟ ಅಂತೀವಿ, ಒಂದೇ ಪದದ ಎರಡು ತುಂಡು ಹಂಚ್ಕೊಂಡಿದೀವಿ!

ಇದ್ರಲ್ಲಿ ನಂಗೆ ತುಂಬಾ ಹಿಡಿಸಿದ್ದು ಒಂದೇ ಪದಕ್ಕೆ ಹಳೇದು ಹೊಸದು ಎರಡೂ ಒಟ್ಟಿಗೆ ಇಟ್ಟಿರೋದು. 1571ರಲ್ಲಿ ಮೊಲಿನಾ ಅನ್ನೋ ಪಾದ್ರಿ ಬರೆದ ನಿಘಂಟಿನ ಅರ್ಥನೂ ಸಿಗತ್ತೆ, ಜೊತೆಗೆ ಮೆಕ್ಸಿಕೋದ ವಾಸ್ತೆಕಾ ಪ್ರದೇಶದ ನಾವತ್ಲ್ ಭಾಷಿಕರು ಇವತ್ತಿನ ಪದಗಳಿಗೆ ನಾವತ್ಲ್‌ನಲ್ಲೇ ಬರೆದ ವಿವರಣೆನೂ ಸಿಗತ್ತೆ. ಅವರ ಮಾತಿಗೆ ಅವರೇ ಅರ್ಥ ಹೇಳ್ತಿರೋದು ಓದೋವಾಗ ನಿಜವಾಗ್ಲೂ ಖುಷಿ ಆಗತ್ತೆ.

ಹೊಸಬರಿಗೆ ಒಂದು ಮಾತು, ಹಳೇ ಸ್ಪೆಲ್ಲಿಂಗ್ ನಂಬಿ ಓದ್ಬೇಡಿ. ಮೆತ್ಸ್ತ್ಲಿ ಅಂದ್ರೆ ತೊಡೆ, ಮೇತ್ಸ್ತ್ಲಿ ಅಂದ್ರೆ ಚಂದ್ರ, ನಮ್ಮ ಬೆಳೆ-ಬೇಳೆ ಥರ, ಆದ್ರೆ ಮೊಲಿನಾ ದೀರ್ಘ ಗುರುತು ಹಾಕ್ತಿರ್ಲಿಲ್ಲ, ಹಾಗಾಗಿ ಎರಡೂ ಒಂದೇ ಥರ ಕಾಣತ್ತೆ. ಅದೇ ಪುಟದಲ್ಲಿ ಕೆಳಗೆ ಕಾರ್ಟುನೆನ್ ಅನ್ನೋ ಭಾಷಾತಜ್ಞೆ ಹೆಸರಲ್ಲಿರೋ ಭಾಗ ನೋಡಿ, ದೀರ್ಘದ ಮೇಲೆ ಗೆರೆ ಇರತ್ತೆ. ಈಗಿನವರು ಎಷ್ಟೋ ಜನ ಕ, ವ ಶಬ್ದಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಬೇರೆ ಸ್ಪೆಲ್ಲಿಂಗ್ ಬಳಸ್ತಾರೆ, ಪದ ಸಿಗ್ಲಿಲ್ಲ ಅಂದ್ರೆ ಇನ್ನೊಂದು ಥರ ಟೈಪ್ ಮಾಡಿ.

ಕನ್ನಡ ಮಾಧ್ಯಮದ ಟೀಚರ್‌ಗಳು ಇದನ್ನ ಮಕ್ಕಳಿಗೆ ತೋರಿಸ್ಬೇಕು ಅಂತ ನನ್ನಾಸೆ, ವಿವರಣೆ ಇಂಗ್ಲಿಷ್, ಸ್ಪ್ಯಾನಿಶ್‌ನಲ್ಲೂ ಇರೋದ್ರಿಂದ ಕಷ್ಟ ಆಗಲ್ಲ. ನಮ್ಮ ಎ-ಏ, ಒ-ಓ ಇರೋ ಲಿಪಿ ಈ ಭಾಷೆಗೆ ಎಷ್ಟು ಚೆನ್ನಾಗಿ ಹೊಂದತ್ತೆ ಅಂದ್ರೆ ಮಗಳು ನೋಟ್‌ಬುಕ್ಕಲ್ಲಿ ಕನ್ನಡದಲ್ಲೇ ಪದ ಬರ್ಕೋತಿದಾಳೆ, ತೊಮತ್ಲ್ ಆಯ್ತು, ನಿನ್ನೆ ಬೆಣ್ಣೆಹಣ್ಣಿನ ಮುಂದೆ ಆವಕತ್ಲ್ ಅಂತ ದೀರ್ಘ ಸರಿಯಾಗಿ ಹಾಕಿ ಬರೆದಿದ್ಲು.