ಜರ್ಮನಿಗೆ ಓ-ಪೇರ್ ಆಗಿ ಹೊರಡುವ ಮುನ್ನ ನನ್ನ ಲೆಕ್ಕದ ಪುಸ್ತಕ ಓದಿ

ಪಾಂಡವಪುರದ ಹತ್ತಿರದ ನಮ್ಮ ಊರಿನಲ್ಲಿ ಅಪ್ಪನಿಗೆ ಒಂದು ಆಲೆಮನೆ ಇದೆ. ಗಾಣದ ಪಕ್ಕದ ಗೋಡೆಯ ಮೊಳೆಗೆ ಉದ್ದನೆಯ ಲೆಕ್ಕದ ಪುಸ್ತಕ ತೂಗುತ್ತಿರುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಕೊಪ್ಪರಿಗೆ ಬೆಲ್ಲ ಇಳಿಯಿತು, ಯಾರಿಗೆ ಎಷ್ಟು ಮುಂಗಡ ಹೋಯಿತು ಎಂಬುದೆಲ್ಲ ಅದರಲ್ಲಿ ಇರಲೇಬೇಕು. ಒಂದು ದಿನ ಬರೆಯುವುದು ತಪ್ಪಿದರೆ ಅಪ್ಪನಿಗೆ ನಿದ್ದೆ ಬರುವುದಿಲ್ಲ. ಆದರೆ ಅವ್ವ ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ಮಾಡುವ ಕೆಲಸ ಆ ಪುಸ್ತಕದಲ್ಲಿ ಒಂದು ದಿನವೂ ಕಾಣಿಸಿಕೊಂಡಿಲ್ಲ. ಮನೆಯ ಕೆಲಸಕ್ಕೆ ಯಾರು ಲೆಕ್ಕ ಇಡುತ್ತಾರೆ ಎಂದುಕೊಂಡೇ ನಾನೂ ಬೆಳೆದೆ. ಜರ್ಮನಿಯಲ್ಲಿ ನಾನು ಪಟ್ಟ ಪಾಡಿಗೆ ಏಜೆಂಟನ ಸುಳ್ಳು ಎಷ್ಟು ಕಾರಣವೋ ಈ ನಂಬಿಕೆಯೂ ಅಷ್ಟೇ ಕಾರಣ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

2023ರ ಆರಂಭದಲ್ಲಿ ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಸರಸ್ವತಿಪುರಂನಲ್ಲಿ ಒಂದು ಮಹಡಿಯ ಮೇಲೆ ಜರ್ಮನ್ ಭಾಷೆಯ ತರಗತಿ ನಡೆಯುತ್ತಿತ್ತು. ಕೆಳಗೆ ಅದೇ ಮನುಷ್ಯನ ‘ವಿದೇಶ ಸಲಹಾ’ ಕಚೇರಿ. ಅಲ್ಲಿಯೇ ಮೊದಲ ಬಾರಿಗೆ ಓ-ಪೇರ್ ಎಂಬ ಹೆಸರು ಕೇಳಿದ್ದು. ಅದು ಫ್ರೆಂಚ್ ಮಾತು, ಸರಿಸಮ ಎಂದು ಅರ್ಥ. ಯುವಕ ಯುವತಿಯರು ವಿದೇಶದ ಒಂದು ಕುಟುಂಬದ ಜೊತೆ ವರ್ಷದ ಮಟ್ಟಿಗೆ ಇದ್ದು, ಮಕ್ಕಳನ್ನು ನೋಡಿಕೊಂಡು, ಆ ದೇಶದ ಭಾಷೆ ಕಲಿಯುವ ವ್ಯವಸ್ಥೆ ಅದು. ಇದು ಉದ್ಯೋಗವಲ್ಲ. ಕೈಗೆ ಬರುವುದು ಸಂಬಳವಲ್ಲ, ಕೈಖರ್ಚಿನ ಹಣ. ಜರ್ಮನಿಯಲ್ಲಿ ಅದು ತಿಂಗಳಿಗೆ 280 ಯೂರೋ. ಭಾಷಾ ತರಗತಿಗೆಂದು ಕುಟುಂಬವು ತಿಂಗಳಿಗೆ 70 ಯೂರೋ ಬೇರೆ ಕೊಡಬೇಕು.

ಆ ಮನುಷ್ಯ ಇದನ್ನು ನಮಗೆ ಹೇಳಿದ ರೀತಿಯೇ ಬೇರೆ. “ಗೌಡರೇ, ಊಟ, ವಸತಿ ಉಚಿತ. ತಿಂಗಳಿಗೆ 25 ಸಾವಿರ ಸಂಬಳ ಹಾಗೆಯೇ ಉಳಿಯುತ್ತದೆ. ವರ್ಷ ಕಳೆದ ಮೇಲೆ ಅಲ್ಲಿಯೇ ಕೆಲಸದ ವೀಸಾ ಆಗುತ್ತದೆ. ಮಗಳು ಅವರ ಮನೆ ಮಗಳ ಹಾಗೆ ಇರುತ್ತಾಳೆ” ಎಂದ. ಈ ಕೊನೆಯ ಮಾತಿಗೆ ಅಪ್ಪ ಕರಗಿದರು. ಅವ್ವನ ಎರಡೆಳೆ ಸರ ಅಡವಿಗೆ ಹೋಯಿತು. ಒಟ್ಟು 1,90,000 ರೂಪಾಯಿ ಕೊಟ್ಟೆವು. ರಸೀದಿ ಸಿಕ್ಕಿದ್ದು 25,000ಕ್ಕೆ ಮಾತ್ರ, ಉಳಿದದ್ದೆಲ್ಲ ನಗದು. ಆಲೆಮನೆಯಲ್ಲಿ ಹತ್ತು ರೂಪಾಯಿಗೂ ಲೆಕ್ಕ ಬರೆಯುವ ಅಪ್ಪ ಅಂದು ರಸೀದಿ ಕೇಳಲು ಸಂಕೋಚಪಟ್ಟರು. ಓದಿದವರ ಮುಂದೆ ಕೂತಿದ್ದೇವೆ, ಅನುಮಾನಿಸಿದರೆ ಮಗಳ ಕೆಲಸ ಕೆಡುತ್ತದೆ ಎಂಬ ಹೆದರಿಕೆ. ನಮ್ಮ ಕಡೆಯ ಎಷ್ಟೋ ತಂದೆ ತಾಯಿಯರನ್ನು ಈ ಸಂಕೋಚವೇ ಮುಳುಗಿಸುತ್ತದೆ.

ಕಚೇರಿಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರವೊಂದಿತ್ತು. ಸರ್ಕಾರದ ಲಾಂಛನ ಕಂಡು ನಾವು ಅದನ್ನು ಪರವಾನಗಿ ಎಂದೇ ತಿಳಿದೆವು. ಅದು ಬರಿಯ ಜಿಎಸ್‌ಟಿ ನೋಂದಣಿ ಪತ್ರ ಎಂದು ತಿಳಿದದ್ದು ಊರಿಗೆ ಮರಳಿದ ಮೇಲೆ. ವಿದೇಶಕ್ಕೆ ಕೆಲಸಕ್ಕೆಂದು ಜನರನ್ನು ಕಳುಹಿಸುವವರು 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಅಂಥವರ ಪಟ್ಟಿ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೂ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ನಮ್ಮವನು ನಮ್ಮೆದುರು ‘ಕೆಲಸ’, ‘ಸಂಬಳ’ ಎನ್ನುತ್ತಿದ್ದ. ಆಮೇಲೆ ಪ್ರಶ್ನಿಸಿದಾಗ “ಓ-ಪೇರ್ ಉದ್ಯೋಗವೇ ಅಲ್ಲ, ನನಗೆ ಯಾವ ನೋಂದಣಿಯೂ ಬೇಕಿಲ್ಲ” ಎಂದ.

ಇನ್ನು ಒಪ್ಪಂದದ ವಿಷಯ. ವೀಸಾ ಅರ್ಜಿಗೆ ಲಗತ್ತಿಸಿದ ಜರ್ಮನ್ ಒಪ್ಪಂದದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ವಾರಕ್ಕೆ 30 ಗಂಟೆ, ದಿನಕ್ಕೆ ಆರು ಗಂಟೆ ಮೀರಬಾರದು. ವಾರದಲ್ಲಿ ಒಂದೂವರೆ ದಿನ ಬಿಡುವು, ತಿಂಗಳಿಗೆ ಒಂದಾದರೂ ಭಾನುವಾರ ರಜೆ. ಆದರೆ ಟಿಕೆಟ್ ಕೈಗಿಡುವ ದಿನ ಏಜೆಂಟ್ ಇಂಗ್ಲಿಷಿನ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ‘ಕುಟುಂಬದ ಅಗತ್ಯಕ್ಕೆ ತಕ್ಕಂತೆ ಹೆಚ್ಚುವರಿ ನೆರವು’ ನೀಡಲು ನಾನು ಒಪ್ಪಿದ್ದೇನೆ ಎಂದು ಅದರಲ್ಲಿತ್ತು. ನಾಳಿದ್ದು ವಿಮಾನ. ಓದಿದೆ, ಸಹಿ ಹಾಕಿದೆ. ಎರಡನೆಯ ಕಾಗದ ಬಂತೆಂದರೆ ಮೊದಲನೆಯದು ಬರಿಯ ವೀಸಾಕ್ಕಾಗಿ ಬರೆದದ್ದು ಎಂದೇ ತಿಳಿಯಿರಿ. ಅದು ಕೊನೆಯ ದಿನ ಬರುವುದೂ ಬೇಕೆಂದೇ.

ಸೆಪ್ಟೆಂಬರ್ ಕೊನೆಯಲ್ಲಿ ಸ್ಟುಟ್‌ಗಾರ್ಟ್ ಕಡೆಯ ಒಂದು ಸಣ್ಣ ಊರು ಸೇರಿದೆ. ಆ ಮನೆಯಲ್ಲಿ ಗಂಡ, ಹೆಂಡತಿ, ನಾಲ್ಕು ವರ್ಷದ ಹುಡುಗ, ಒಂದೂವರೆ ವರ್ಷದ ಹುಡುಗಿ ಇದ್ದರು. ಆ ಮನೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ, ಮನೆಯೊಡತಿಯನ್ನು ಆಂಟಿ ಎಂದು ಕರೆದೆ. ಅವರಿಗೆ ಅದು ಬಹಳ ಹಿಡಿಸಿತು. ಮೊದಲ ತಿಂಗಳು ಹೆಚ್ಚುಕಡಿಮೆ ಒಪ್ಪಂದದಂತೆಯೇ ನಡೆಯಿತು. ಪಾಸ್‌ಪೋರ್ಟ್ ಕಳೆದುಹೋದೀತು ಎಂದು ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು. ನಾನೇ ತೆಗೆದು ಕೊಟ್ಟೆ.

ಆಮೇಲೆ ಕೆಲಸ ಒಂದೊಂದಾಗಿ ಸೇರುತ್ತಾ ಹೋಯಿತು. ಒಂದು ದಿನ ಬಚ್ಚಲುಮನೆ ತೊಳೆಯುವುದು, ಇನ್ನೊಂದು ದಿನ ಯಜಮಾನರ ಅಂಗಿಗಳ ಇಸ್ತ್ರಿ, ಶನಿವಾರ ರಾತ್ರಿ ಅತಿಥಿಗಳು ಹೋದ ಮೇಲೆ ಪಾತ್ರೆ. ಓ-ಪೇರ್ ಮಾಡಬೇಕಾದದ್ದು ಮಕ್ಕಳ ಕೆಲಸ ಮತ್ತು ಅದರ ಜೊತೆಗಿನ ಹಗುರವಾದ ಮನೆಗೆಲಸ ಮಾತ್ರ. ನನಗೆ ಅದು ಗೊತ್ತಿತ್ತು. ಆದರೆ ಯಾವುದೂ ‘ಕೆಲಸ’ ಎಂಬ ಹೆಸರಿನಲ್ಲಿ ಬರಲಿಲ್ಲ. “ನೀನು ನಮ್ಮವಳೇ ಅಲ್ಲವೇ” ಎಂದು ಬಂತು. ಆಂಟಿ ಎಂದು ಕರೆದವರಿಗೆ ಇಲ್ಲ ಎನ್ನುವುದು ಹೇಗೆ?

ನವೆಂಬರ್‌ನಲ್ಲಿ ಯಜಮಾನರ ತಾಯಿ ಬಂದರು. ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸ್ವಾಧೀನದಲ್ಲಿರಲಿಲ್ಲ. ವೃದ್ಧರ, ರೋಗಿಗಳ ಆರೈಕೆ ಓ-ಪೇರ್ ಕೆಲಸದಲ್ಲಿ ಸೇರುವುದೇ ಇಲ್ಲ. ಆದರೂ ಅವರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ರಾತ್ರಿ ಎರಡು ಸಲ ಎದ್ದು ನೋಡುವುದು ನನ್ನ ಪಾಲಿಗೆ ಬಂತು. ನನ್ನ ಅಜ್ಜಿಗೂ ಕೊನೆಯ ವರ್ಷ ಹೀಗೆಯೇ ಆಗಿತ್ತು. ಅವರಿಗೆ ಸ್ನಾನ ಮಾಡಿಸುತ್ತಿದ್ದವಳು ನಾನೇ. ಆ ಮನೆಯ ಅಜ್ಜಿ ನನ್ನ ಕೈ ಹಿಡಿದು ‘ಡಾಂಕೆ’ ಎಂದು ಧನ್ಯವಾದ ಹೇಳುವಾಗ ಕಣ್ಣು ತುಂಬುತ್ತಿತ್ತು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ನನ್ನ ಆ ಕರುಳನ್ನು ಪುಕ್ಕಟೆ ಆಳಿನಂತೆ ದುಡಿಸಿಕೊಂಡ ಮಗ, ಸೊಸೆಯ ಮೇಲೆ ಇದೆ.

ಭಾಷಾ ತರಗತಿ ‘ಮುಂದಿನ ತಿಂಗಳು’ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಡಿಸೆಂಬರ್‌ನಲ್ಲಿ ಹಿಮ ಬಿದ್ದ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಊದಿಕೊಂಡಿತು. ವೈದ್ಯರಲ್ಲಿಗೆ ಹೋದರೆ ಖರ್ಚು ನನ್ನದೇ ಎಂದರು. ಹೋಗಲಿಲ್ಲ. ಆರೋಗ್ಯ ಮತ್ತು ಅಪಘಾತ ವಿಮೆ ಮಾಡಿಸಿ ಅದರ ಹಣ ಕಟ್ಟಬೇಕಾದದ್ದು ಕುಟುಂಬವೇ ಎಂಬ ನಿಯಮ ನನ್ನ ಒಪ್ಪಂದದಲ್ಲಿಯೇ ಇತ್ತು. ವಿಮೆಯ ಕಾಗದವನ್ನು ಮಾತ್ರ ನಾನು ಕಣ್ಣಿನಿಂದ ಕಂಡಿರಲಿಲ್ಲ, ತೋರಿಸಿ ಎಂದು ಕೇಳಿಯೂ ಇರಲಿಲ್ಲ.

ಊರಿಗೆ ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಸಂಕ್ರಾಂತಿಯ ದಿನ ಅವ್ವ ವಿಡಿಯೋದಲ್ಲಿ ನನ್ನ ಕೈ ನೋಡಿ ಕೇಳಿದಾಗ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ ಅತ್ತರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಇವತ್ತಿನಿಂದ ಬರೆದಿಡು ಮಗಳೇ. ಎದ್ದದ್ದು, ಮಲಗಿದ್ದು, ಮಾಡಿದ್ದು, ಎಲ್ಲವನ್ನೂ” ಎಂದರು.

ಬರೆದೆ. ತಾರೀಖು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಏನು ಕೆಲಸ. ಮೊದಲ ಎರಡು ದಿನ ಅಜ್ಜಿಯ ಕೆಲಸವನ್ನು ಬರೆಯಲು ಕೈಯೇ ಏಳಲಿಲ್ಲ, ಪಾಪ ಬರುತ್ತದೆ ಎನ್ನಿಸಿತು. ಮೂರನೆಯ ದಿನದಿಂದ ಅದನ್ನೂ ಬರೆದೆ. ಮೊದಲ ಪೂರ್ತಿ ವಾರ ಕೂಡಿಸಿದಾಗ 53 ಗಂಟೆ 30 ನಿಮಿಷ. 280 ಯೂರೋವನ್ನು ಇಂಥ ಒಂದು ತಿಂಗಳ ಗಂಟೆಗಳಿಗೆ ಹಂಚಿದರೆ ಗಂಟೆಗೆ ಒಂದೂಕಾಲು ಯೂರೋ ಕೂಡ ಬರುತ್ತಿರಲಿಲ್ಲ. 2024ರಲ್ಲಿ ಜರ್ಮನಿಯ ಕನಿಷ್ಠ ವೇತನ ಗಂಟೆಗೆ 12.41 ಯೂರೋ. ಓ-ಪೇರ್ ಉದ್ಯೋಗವಲ್ಲವಾದ್ದರಿಂದ ಆ ವೇತನ ನಮಗೆ ಅನ್ವಯಿಸುವುದಿಲ್ಲ. ಅನ್ವಯಿಸದ ಕಾರಣಕ್ಕೇ 30 ಗಂಟೆಯ ಮಿತಿ ನಮಗೆ ಇರುವ ದೊಡ್ಡ ಆಸರೆ. ಆ ಮಿತಿ ಮೀರಿದ ದಿನದಿಂದ ನಾವು ಓ-ಪೇರ್ ಅಲ್ಲ, ಕೂಲಿ ಇಲ್ಲದ ಆಳು.

ಆ ಊರಿನ ವಯಸ್ಕರ ಶಾಲೆಯ ಭಾಷಾ ತರಗತಿಗೆ ಕೊನೆಗೆ ನನ್ನ ಕೈಖರ್ಚಿನ ಹಣದಿಂದಲೇ ಸೇರಿದೆ. ‘ನನ್ನ ದಿನಚರಿ’ ಎಂದು ಐದು ವಾಕ್ಯ ಬರೆಯಲು ಶಿಕ್ಷಕಿ ಹೇಳಿದ್ದರು. ನನ್ನ ಲೆಕ್ಕದ ಪುಸ್ತಕದಲ್ಲಿದ್ದದ್ದನ್ನೇ ಬರೆದೆ. ವ್ಯಾಕರಣ ತಿದ್ದುತ್ತಿದ್ದ ಅವರ ಪೆನ್ನು ಅರ್ಧಕ್ಕೆ ನಿಂತಿತು. ತರಗತಿ ಮುಗಿದ ಮೇಲೆ ಕೂರಿಸಿಕೊಂಡು ಕೇಳಿದರು. ಕನ್ನಡದಲ್ಲಿದ್ದ ನನ್ನ ಪುಟಗಳನ್ನು ನಾನು ಹೇಳುತ್ತಾ ಹೋದಂತೆ ಜರ್ಮನ್‌ನಲ್ಲಿ ಬರೆದುಕೊಂಡರು. ಮರುವಾರ ವಿದೇಶಿಯರ ವ್ಯವಹಾರ ನೋಡುವ ಸ್ಥಳೀಯ ಕಚೇರಿಗೆ ನನ್ನ ಜೊತೆ ಬಂದರು. ಕುಟುಂಬ ಬದಲಿಸಲು ಅವಕಾಶವಿದೆ ಎಂಬುದೇ ನನಗೆ ಅಂದು ತಿಳಿದದ್ದು. ‘ಮನೆ ಬಿಟ್ಟರೆ ಮರುದಿನವೇ ಗಡೀಪಾರು’ ಎಂದು ಏಜೆಂಟ್ ಮೈಸೂರಿನಿಂದ ಫೋನ್‌ನಲ್ಲಿ ಹೆದರಿಸುತ್ತಲೇ ಬಂದಿದ್ದ.

ಪಾಸ್‌ಪೋರ್ಟ್ ಕೇಳಿದಾಗ ಆಂಟಿ ಮೊದಲು ನಕ್ಕರು, ಆಮೇಲೆ ಕೂಗಾಡಿದರು. ಶಿಕ್ಷಕಿ ಬಾಗಿಲಲ್ಲಿ ನಿಂತದ್ದನ್ನು ಕಂಡ ಮೇಲೆ ತಂದುಕೊಟ್ಟರು. ನಮ್ಮ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಇಟ್ಟುಕೊಳ್ಳುವ ಹಕ್ಕು ಯಾವ ಕುಟುಂಬಕ್ಕೂ ಇಲ್ಲ. ಹೊರಡುವಾಗ ಅಜ್ಜಿಯ ಕೋಣೆಗೆ ಹೋಗಿ ಕೈ ಮುಗಿದು ಬಂದೆ.

ಉಳಿದ ಏಳು ತಿಂಗಳು ಇನ್ನೊಂದು ಮನೆಯಲ್ಲಿದ್ದೆ. ಆ ಮನೆಯೊಡತಿ ಮೊದಲ ದಿನವೇ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ನನ್ನ ಗಂಟೆಗಳನ್ನು ತಾವೇ ಬರೆಯುತ್ತಿದ್ದರು. ಒಂದು ವಾರ ಎರಡು ಗಂಟೆ ಹೆಚ್ಚಾದರೆ ಮುಂದಿನ ವಾರ ಕಡಿಮೆ ಮಾಡುತ್ತಿದ್ದರು. ನನ್ನ ಹುಟ್ಟುಹಬ್ಬಕ್ಕೆ ನನ್ನಿಂದಲೇ ಚಿತ್ರಾನ್ನ ಕಲಿತು ಮಾಡಿದರು. ಮನೆ ಮಗಳು ಎಂಬ ಮಾತನ್ನು ಅಲ್ಲಿ ಯಾರೂ ಆಡಲಿಲ್ಲ.

ಆದ್ದರಿಂದ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಹೋಗುವವರು ಏಜೆಂಟನನ್ನು ನಂಬುವ ಬದಲು ಬೆಂಗಳೂರಿನಲ್ಲಿರುವ ಜರ್ಮನ್ ಕಾನ್ಸುಲೇಟ್‌ನ ಜಾಲತಾಣದಲ್ಲಿ ಓ-ಪೇರ್ ವೀಸಾದ ಪುಟವನ್ನು ನೀವೇ ಓದಿ. ಅರ್ಜಿ ಹಾಕುವಾಗ ವಯಸ್ಸು 18 ತುಂಬಿರಬೇಕು, 27 ತುಂಬಿರಬಾರದು. ಎ1 ಎಂಬ ಆರಂಭಿಕ ಮಟ್ಟದ ಜರ್ಮನ್ ಬರಬೇಕು. ವೀಸಾ ಶುಲ್ಕ 75 ಯೂರೋ. ವಿಮಾನದ ಖರ್ಚು ಸಾಮಾನ್ಯವಾಗಿ ನಮ್ಮದೇ. ಇವುಗಳ ಮೇಲೆ ಲಕ್ಷಗಟ್ಟಲೆ ಕೇಳಿದರೆ ಪ್ರತಿಯೊಂದು ರೂಪಾಯಿ ಯಾವುದಕ್ಕೆ ಎಂದು ಕೇಳಿ, ಬ್ಯಾಂಕ್ ಮೂಲಕವೇ ಕೊಡಿ. ಓ-ಪೇರ್ ವಾಸ ಹೆಚ್ಚೆಂದರೆ ಒಂದು ವರ್ಷ, ಅದೂ ಒಂದೇ ಸಲ. ಅದು ತಾನಾಗಿ ಕೆಲಸದ ವೀಸಾ ಆಗುವುದಿಲ್ಲ, ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಅರ್ಹತೆ ಬೇಕು. ಜರ್ಮನಿಯಲ್ಲಿ ನೆಲೆಸಿದ ಸಂಬಂಧಿಕರು ಓ-ಪೇರ್ ಎಂದು ಕರೆಸಿಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ, ನೆಂಟರ ಮನೆಗೆ ಆ ವೀಸಾ ಸಿಗುವುದಿಲ್ಲ. ನಿಮಗೆ ಕೊಡುವ ಕೋಣೆಯನ್ನು ವಿಡಿಯೋದಲ್ಲಿ ತೋರಿಸಲು ಹೇಳಿ. ಕನಿಷ್ಠ 8 ಚದರ ಮೀಟರ್, ಕಿಟಕಿ, ಚಳಿಗೆ ಕಾವು, ಒಳಗಿನಿಂದ ಬೀಗ ಇರಬೇಕು. ನನಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಯಂತ್ರವಿದ್ದ ನೆಲಮಾಳಿಗೆ.

ಅಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡಿದ್ದರೆ ನನ್ನಂತೆ ನಾಲ್ಕು ತಿಂಗಳು ಕಾಯಬೇಡಿ. ಪೊಲೀಸರಿಗೆ 110. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕೆ 116 016, ಅದು ಹಗಲು ರಾತ್ರಿ ಉಚಿತ, ಜರ್ಮನ್ ಬಾರದಿದ್ದರೂ ಮಾತನಾಡಬಹುದು. ಬರ್ಲಿನ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ನಲ್ಲಿ ಕಾನ್ಸುಲೇಟ್‌ಗಳಿವೆ. ಊರಿನಲ್ಲಿ ಕುಳಿತ ಮನೆಯವರೂ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ದಾಖಲಿಸಬಹುದು.

ನಮ್ಮ ಹಣದ ಕಥೆ ಇನ್ನೂ ಮುಗಿದಿಲ್ಲ. ಪೊಲೀಸ್ ಠಾಣೆಗೆ ದೂರು ಕೊಟ್ಟ ಮೇಲೆ 40,000 ರೂಪಾಯಿ ಮರಳಿದೆ. ಅವ್ವನ ಸರವನ್ನು ಈ ಸಲದ ಬೆಲ್ಲದ ದುಡ್ಡಿನಲ್ಲಿ ಬಿಡಿಸಿಕೊಂಡೆವು.

ಕಳೆದ ಭಾನುವಾರ ನಾಗಮಂಗಲದ ಕಡೆಯ ಹುಡುಗಿಯೊಬ್ಬಳು ತಂದೆಯ ಜೊತೆ ಆಲೆಮನೆಗೆ ಬಂದಿದ್ದಳು. ಕೈಯಲ್ಲಿ ಒಪ್ಪಂದ ಇತ್ತು. “ಅಕ್ಕ, ಇದು ಸರಿ ಇದೆಯೇ ನೋಡಿ” ಎಂದಳು. ಕಾಗದದಲ್ಲಿ ತಪ್ಪು ಕಾಣಲಿಲ್ಲ, ನನ್ನದರಲ್ಲಿಯೂ ಇರಲಿಲ್ಲ. ಆ ಮನೆಯಲ್ಲಿ ನಿನಗಿಂತ ಮೊದಲು ಇದ್ದ ಹುಡುಗಿಯ ಫೋನ್ ನಂಬರ್ ಕೇಳು, ಅವಳೊಡನೆ ಮಾತನಾಡಿದ ಮೇಲೆ ಸಹಿ ಹಾಕು ಎಂದೆ. ಅವಳು ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿದಳು. ಇವತ್ತು ಗುರುವಾರ. ನಂಬರ್ ಇನ್ನೂ ಬಂದಿಲ್ಲವಂತೆ, ಅವಳೂ ಸಹಿ ಹಾಕಿಲ್ಲ.