ಅರ್ಧಕ್ಕೆ ನಿಂತ ಬಿಯರ್: ಶಾಂಪೇನ್ ಯೀಸ್ಟ್, ಎಂಜೈಮ್, ಸ್ಟಾರ್ಟರ್ ಮೂರರಲ್ಲಿ ಯಾವುದು?

ಹುದುಗುತ್ತಾ ಇದ್ದ ಬಿಯರ್ ಅರ್ಧಕ್ಕೆ ನಿಂತುಹೋದರೆ ನನ್ನ ಮಟ್ಟಿಗೆ ಒಂದೇ ಮದ್ದು: ಚೆನ್ನಾಗಿ ನೊರೆ ಎದ್ದಿರುವ ಯೀಸ್ಟ್ ಸ್ಟಾರ್ಟರ್, ಅಂದರೆ ಬೇರೆ ಪಾತ್ರೆಯಲ್ಲಿ ಮೊದಲೇ ಎಬ್ಬಿಸಿಕೊಂಡ ಯೀಸ್ಟ್. ಉಳಿದ ಎರಡನ್ನೂ ದುಡ್ಡು ಕೊಟ್ಟು ತಂದು ನೋಡಿದ್ದೇನೆ. ಶಾಂಪೇನ್ ಯೀಸ್ಟನ್ನಂತೂ ಇನ್ನು ಮುಟ್ಟುವುದಿಲ್ಲ.

ನಾನಿರುವುದು ಲೀಡ್ಸ್‌ನಲ್ಲಿ. ಬ್ರಿಟನ್ನಿನಲ್ಲಿ 1963ರಿಂದ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ, ಆದರೆ ನವೆಂಬರ್ ಚಳಿ ಯೀಸ್ಟನ್ನು ಮಲಗಿಸಿಬಿಡುತ್ತದೆ. ಗ್ಯಾರೇಜಿನಲ್ಲಿದ್ದ ನನ್ನ ಸ್ಟೌಟ್ (ಕಪ್ಪು ಬಿಯರ್) ಸಾಂದ್ರತೆ 1.065ರಲ್ಲಿ ಶುರುವಾಗಿ 1.030ಕ್ಕೆ ಬಂದು ನಿಂತಿತು (ನೀರಿನದು 1.000, ಯೀಸ್ಟ್ ಸಕ್ಕರೆ ತಿಂದ ಹಾಗೆಲ್ಲ ಈ ಅಂಕಿ ಇಳಿಯುತ್ತದೆ). 1.016ರ ಹತ್ತಿರ ಇಳಿಯಬೇಕಿತ್ತು. ಬಕೆಟ್ಟನ್ನು ಮನೆಯೊಳಗೆ ತಂದು 21 ಡಿಗ್ರಿಗೆ ಬೆಚ್ಚಗೆ ಮಾಡಿ, ಮುಚ್ಚಳ ತೆಗೆಯದೆ ಮೆಲ್ಲಗೆ ಅಲ್ಲಾಡಿಸಿದೆ. ಖರ್ಚಿಲ್ಲದ ಕೆಲಸ, ಎಲ್ಲರೂ ಮೊದಲು ಇದನ್ನೇ ಮಾಡಬೇಕು. 1.026ಕ್ಕೆ ಇಳಿದು ಮತ್ತೆ ನಿಂತಿತು. (ಅಳೆಯುವುದಕ್ಕೆ ಹೈಡ್ರೋಮೀಟರೇ ಆಗಬೇಕು. ಆಲ್ಕೋಹಾಲ್ ಸೇರಿದ ಮೇಲೆ ರಿಫ್ರಾಕ್ಟೋಮೀಟರ್ ಜಾಸ್ತಿ ತೋರಿಸುತ್ತದೆ.)

ಎಲ್ಲರೂ ಹೇಳುವುದು ಶಾಂಪೇನ್ ಯೀಸ್ಟ್ ಹಾಕಿ, 18% ಆಲ್ಕೋಹಾಲ್ ತಡೆಯುತ್ತದೆ ಅಂತ. ತಡೆಯುತ್ತದೆ, ನಿಜ. ಆದರೆ ನನ್ನ ಸ್ಟೌಟಿನಲ್ಲಿ ಆಗ ಇದ್ದದ್ದೇ 5% ಆಸುಪಾಸು, ಆಲ್ಕೋಹಾಲ್ ಅಲ್ಲಿ ತೊಂದರೆಯೇ ಅಲ್ಲ. ಏಲ್ ಯೀಸ್ಟ್, ಅಂದರೆ ಸ್ಟೌಟಿನಂಥ ಬಿಯರಿಗೆ ಹಾಕುವ ಯೀಸ್ಟ್, ಗ್ಲೂಕೋಸ್, ಮಾಲ್ಟೋಸ್ ಮುಗಿಸಿ ಕೊನೆಗೆ ಮುಟ್ಟುವ ಸಕ್ಕರೆ ಮಾಲ್ಟೋಟ್ರಯೋಸ್, ಅರ್ಧಕ್ಕೆ ನಿಂತ ಬಿಯರಿನಲ್ಲಿ ಉಳಿಯುವುದು ಹೆಚ್ಚಾಗಿ ಅದೇ, ದ್ರಾಕ್ಷಿ ರಸಕ್ಕೆ ಒಗ್ಗಿದ ಶಾಂಪೇನ್ ಯೀಸ್ಟಿಗೆ ಅದನ್ನು ತಿನ್ನಲು ಬರುವುದಿಲ್ಲ.

ಇಷ್ಟೇ ಆಗಿದ್ದರೆ ಒಂದು ಪ್ಯಾಕೆಟ್ ಹೋಯಿತು ಅಂದುಕೊಳ್ಳಬಹುದಿತ್ತು. ಈ ಯೀಸ್ಟುಗಳಲ್ಲಿ ಹಲವು ಬಿಡುಗಡೆ ಮಾಡುವ ಒಂದು ವಿಷ ಏಲ್ ಯೀಸ್ಟನ್ನೇ ಸಾಯಿಸುತ್ತದೆ. ಅಂದರೆ ಆಮೇಲೆ ಸರಿಯಾದ ಯೀಸ್ಟ್ ಹಾಕಿ ಸರಿಮಾಡೋಣ ಅಂದರೂ ದಾರಿ ಮುಚ್ಚಿರುತ್ತದೆ. ಪ್ಯಾಕೆಟ್ಟಿನ ಮೇಲೆ ಬಿಯರ್ ಮಾಡುವವರಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು, ಅಲ್ವಾ? ಶಾಂಪೇನ್ ಯೀಸ್ಟ್ ಹಾಕಿದ ಆ ಸ್ಟೌಟ್ 1.026ರಲ್ಲೇ ಉಳಿಯಿತು. ಸಕ್ಕರೆ ಉಳಿದ ಬಿಯರನ್ನು ಬಾಟಲಿಗೆ ತುಂಬಿದರೆ ಬಾಟಲಿ ಸಿಡಿಯಬಹುದು, ಹಾಗಾಗಿ ಕೆಗ್ಗಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಕುಡಿದೆವು. ಸಿಹಿ ಜಾಸ್ತಿ.

ಎಂಜೈಮ್, ಅಂದರೆ ಅಮೈಲೋಗ್ಲುಕೋಸಿಡೇಸ್, ಯೀಸ್ಟ್ ತಿನ್ನಲಾಗದ್ದನ್ನೂ ಒಡೆದು ತಿನ್ನುವ ಸಕ್ಕರೆ ಮಾಡಿಕೊಡುತ್ತದೆ, ಕೆಲಸವನ್ನೇನೋ ಮಾಡುತ್ತದೆ. ಆದರೆ ಬೇಕಾದಲ್ಲಿ ನಿಲ್ಲುವುದಿಲ್ಲ, 1.000ದ ತನಕವೂ ಎಳೆದುಕೊಂಡು ಹೋಗುತ್ತದೆ. ಸಿಹಿಯೇ ಇಲ್ಲದ ಬ್ರೂಟ್ ಐಪಿಎ ಎಂಬ ಬಿಯರಿಗೆ ಅದು ಬೇಕಾದದ್ದೇ. ಬಾಯಿ ತುಂಬುವ ಸ್ಟೌಟ್ ಬೇಕೆನ್ನುವ ನನಗೆ ಅದು ನೀರು.

ಮುಂದಿನ ಸಲ ಇನ್ನೊಂದು ಸ್ಟೌಟ್ 1.028ರಲ್ಲಿ ನಿಂತಾಗ ನೇರ ಸ್ಟಾರ್ಟರಿಗೇ ಹೋದೆ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಹಾಕಿ ಹದಿನೈದು ನಿಮಿಷ ಕುದಿಸಿ, ಆರಿಸಿ, ಸಫೇಲ್ ಯುಎಸ್-05 ಎಂಬ ಒಣ ಏಲ್ ಯೀಸ್ಟ್ ಹಾಕಿದೆ. ನೊರೆ ಉಕ್ಕುತ್ತಿರುವಾಗಲೇ ಪೂರ್ತಿ ಬಕೆಟ್ಟಿಗೆ ಸುರಿದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಹೆಪ್ಪಿಗೆ ಜೀವ ಇರಬೇಕು. ಒಣ ಯೀಸ್ಟನ್ನು ಸುಮ್ನೆ ಮೇಲೆ ಉದುರಿಸಿದರೆ ಅದು ಆಲ್ಕೋಹಾಲ್ ಇರುವ, ಆಮ್ಲಜನಕ ಇಲ್ಲದ ಜಾಗಕ್ಕೆ ಬಿದ್ದು ಹಾಗೇ ತಳಕ್ಕೆ ಕೂರುತ್ತದೆ. ವಾರದೊಳಗೆ 1.017 ಬಂತು. ಮಾಲ್ಟ್ ಮನೆಯಲ್ಲಿ ಹೇಗೂ ಇರುತ್ತದೆ, ಯೀಸ್ಟ್ ಪ್ಯಾಕೆಟ್ ಒಂದೇ ಖರ್ಚು. ಒಂದು ದಿನ ಕಾಯುವುದಕ್ಕಾಗದವರಿಗೆ ಇದು ಹೊಂದುವುದಿಲ್ಲ.

ಶುರುವಿನಲ್ಲೇ ಮಾಲ್ಟನ್ನು (ಮೊಳಕೆ ಬರಿಸಿದ ಬಾರ್ಲಿ) 70 ಡಿಗ್ರಿಯ ಬಿಸಿನೀರಿನಲ್ಲಿ ನೆನೆಸಿದ್ದರೆ ಮಾತ್ರ ಸ್ಟಾರ್ಟರ್ ಕೂಡ ದಂಡ, ಯೀಸ್ಟ್ ತಿನ್ನುವ ಸಕ್ಕರೆಯೇ ಅಲ್ಲಿ ಉಳಿದಿರುವುದಿಲ್ಲ. ಅನುಮಾನವಿದ್ದರೆ ಒಂದು ಲೋಟ ಬಿಯರ್ ತೆಗೆದು, ಜಾಸ್ತಿ ಏಲ್ ಯೀಸ್ಟ್ ಹಾಕಿ ಬೆಚ್ಚಗಿಡಿ. ಆ ಲೋಟದ್ದು ಇಳಿಯದಿದ್ದರೆ ಬಕೆಟ್ಟಿನದೂ ಇಳಿಯುವುದಿಲ್ಲ.