ಪೈಲ್ಸ್ ಆಪರೇಷನ್: ಸರ್ಜನ್‌ಗೆ 5 ಸ್ಟಾರ್, ಆಸ್ಪತ್ರೆಗೆ 3

ಆಸ್ಪತ್ರೆ ಹೆಸರು ಬರೆಯಲ್ಲ, ಜಿಲ್ಲಾ ಕೇಂದ್ರದ ಒಂದು ಖಾಸಗಿ ನರ್ಸಿಂಗ್ ಹೋಮ್ ಅಂದ್ಕೊಳ್ಳಿ. ಅಪ್ಪನದು ನಾಲ್ಕನೇ ಹಂತದ ಮೂಲವ್ಯಾಧಿ, ಮಾತ್ರೆ ಮುಲಾಮಿಗೆ ಬಗ್ಗುವ ಕಾಲ ಮುಗಿದಿತ್ತು.

ಸರ್ಜನ್ ಬಗ್ಗೆ ಎರಡು ಮಾತಿಲ್ಲ. ಅಪ್ಪನಿಗೆ ಹಾರ್ಟ್‌ಗೆ ಸ್ಟೆಂಟ್ ಹಾಕಿದೆ, ಕ್ಲೋಪಿಡೋಗ್ರೆಲ್ ನುಂಗ್ತಾರೆ. ಹಳೇ ಚೀಟಿಯಲ್ಲಿ ಅದನ್ನು ನೋಡಿದ ತಕ್ಷಣ "ನೀವಾಗಿ ನಿಲ್ಲಿಸಬೇಡಿ, ಹಾರ್ಟ್ ಡಾಕ್ಟರ್ ಹತ್ರ ಬರೆಸಿಕೊಂಡು ಬನ್ನಿ" ಅಂದರು. ರಕ್ತ ತೆಳು ಮಾಡುವ ಮಾತ್ರೆ ನಡೀತಾ ಇದ್ದರೆ ಆಪರೇಷನ್ ಆದಮೇಲೆ ರಕ್ತ ಜಾಸ್ತಿ ಹೋಗಬಹುದು, ದಿಢೀರ್ ಅಂತ ಬಿಟ್ಟರೆ ಸ್ಟೆಂಟ್ ಕಟ್ಟಿಕೊಳ್ಳಬಹುದು. ಶುಗರ್ ಕೂಡ ಏರಿತ್ತು. ಗಾಯ ಮಾಗಲ್ಲ, ಕೀವು ಆಗಬಹುದು ಅಂತ ಅದು ಇಳಿಯೋವರೆಗೂ ಡೇಟ್ ಕೊಡಲಿಲ್ಲ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ "ಲೇಸರ್, ನೋವಿಲ್ಲ, ಅದೇ ದಿನ ಮನೆಗೆ" ಅಂತ ಬರೆಸೋರು ಇಷ್ಟೆಲ್ಲ ಕೇಳ್ತಾರಾ, ನನಗೆ ಅನುಮಾನ.

ಎಡವಟ್ಟಾಗಿದ್ದು ಆಮೇಲೆ. ಪ್ರಾಸ್ಟೇಟ್ ತೊಂದರೆ ಇದೆಯಾ, ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳ್ತಾರೆ ಅಂತ ಅಲ್ಲಿ ಯಾರೂ ವಿಚಾರಿಸಲೇ ಇಲ್ಲ. ವಯಸ್ಸಾದ ಗಂಡಸು, ಮರಗಟ್ಟಿಸೋಕೆ ಬೆನ್ನಿಗೆ ಇಂಜೆಕ್ಷನ್, ಮೇಲಿಂದ ಮೇಲೆ ಡ್ರಿಪ್, ಜೊತೆಗೆ ನೋವು. ಮೂತ್ರ ಕಟ್ಟೋಕೆ ಇನ್ನೇನು ಬೇಕು? ಈ ಆಪರೇಷನ್ ಆದಮೇಲೆ ಜಾಸ್ತಿ ಕಾಡುವ ತೊಂದರೆಗಳಲ್ಲಿ ಇದೂ ಒಂದು. ಕಿಬ್ಬೊಟ್ಟೆ ಕಲ್ಲಿನಂತಾಗಿ ಅಪ್ಪ ಮಂಚದ ಕಂಬಿ ಹಿಡಿದು ಒದ್ದಾಡ್ತಾ ಇದ್ದರೆ ಡ್ಯೂಟಿಯಲ್ಲಿದ್ದ ಸಿಸ್ಟರ್ "ನಲ್ಲಿ ಬಿಟ್ಕೊಂಡು ಕೂತ್ಕೊಳ್ಳಿ, ಬರುತ್ತೆ" ಅಂತ ಹೇಳಿ ಇನ್ನೊಂದು ಬಾಟಲಿ ತೂಗುಹಾಕಿ ಹೋದರು. ಕೊನೆಗೆ ಡಾಕ್ಟರ್ ಬಂದು ಪೈಪ್ ಹಾಕಿದಮೇಲೆ ಚೀಲ ತುಂಬಿತು, ಅಪ್ಪನ ಮುಖಕ್ಕೆ ಜೀವ ಬಂತು.

ಡಿಸ್ಚಾರ್ಜ್ ಹಾಳೆಯಲ್ಲಿ "ಖಾರ ತಿನ್ನಬೇಡಿ, ಬಿಸಿನೀರಿನ ಟಬ್‌ನಲ್ಲಿ ಕೂರಿ", ಅಷ್ಟೇ. ನೋವಿಗೆ ಟ್ರಮಡಾಲ್ ಕೊಟ್ಟಿದ್ದರು. ಅದು ಮಲ ಗಟ್ಟಿ ಮಾಡುತ್ತೆ, ಗಟ್ಟಿ ಮಲ ಹಸಿ ಗಾಯ ಕೆರೆಯುತ್ತೆ. ಆದರೂ ಮಲ ಸಡಿಲಿಸೋ ಔಷಧಿ ಬರೆದಿರಲಿಲ್ಲ, ನಾನೇ ಫೋನ್ ಮಾಡಿ ಕೇಳಿ ತಂದೆ. ಒಂದೆರಡು ವಾರದ ಒಳಗೆ ಮತ್ತೆ ರಕ್ತ ಬರಬಹುದು, ಧಾರೆಯಾಗಿ ಹೋದರೆ ಕಾಯದೆ ಓಡಿ ಬನ್ನಿ ಅನ್ನೋದೂ ಅದರಲ್ಲಿ ಇಲ್ಲ. ಜ್ವರ ಬಂದು, ನೋವು ಏರುತ್ತಾ ಹೋಗಿ, ಮೂತ್ರವೂ ಕಟ್ಟಿದರೆ ಅದು ಒಳಗೆ ಸೋಂಕು ಹರಡುತ್ತಿರುವ ಲಕ್ಷಣ ಇರಬಹುದು, ಎಮರ್ಜೆನ್ಸಿ. ಇದನ್ನಂತೂ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು, ಅಲ್ವಾ?

ಬಿಲ್‌ನಲ್ಲಿ ಮೋಸ ಇಲ್ಲ, ಕ್ಯಾಂಟೀನ್ ಇಡ್ಲಿ ಮೆತ್ತಗಿದೆ. ಆದರೆ ಪೈಲ್ಸ್ ವಾರ್ಡ್‌ನಲ್ಲಿ ಇರೋ ಒಂದೇ ಟಾಯ್ಲೆಟ್ ಇಂಡಿಯನ್. ಇದನ್ನು ಕಟ್ಟಿಸಿದ ಪುಣ್ಯಾತ್ಮರು ಆಪರೇಷನ್ ಆದ ಮಾರನೇ ದಿನ ಅದರಲ್ಲಿ ಒಮ್ಮೆ ಕೂತು ನೋಡಲಿ.